ಬ್ರಾಂಪ್ಟನ್ ಕೋರ್ಟಿನ ವಾಯಿದೆ ಲೆಕ್ಕ

ಕೋರ್ಟಿನಲ್ಲಿ ಕೇಸು ಯಾಕೆ ತಡವಾಗುತ್ತದೆ ಎಂದು ಯಾವ ಊರಿನಲ್ಲಿ ಕೇಳಿದರೂ ಸಿಗುವ ಉತ್ತರ ಒಂದೇ: ಕೇಸು ಜಾಸ್ತಿ, ಜಡ್ಜರು ಕಡಿಮೆ. ಕೆನಡಾದ ಟೊರಾಂಟೊ ನಗರ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಈ ಉತ್ತರವನ್ನು ಸುಮಾರು ಅರವತ್ತು ವರ್ಷಗಳಿಂದ ಅಳೆದು ತೂಗಿ ನೋಡಿದ್ದಾರೆ. ಅದು ಅರ್ಧ ಮಾತ್ರ ನಿಜ ಎಂದು ಗೊತ್ತಾಗಿದೆ. ಉಳಿದರ್ಧ ಏನು ಎಂಬ ಹುಡುಕಾಟ ಒಮ್ಮೆ ಒಂದೇ ವರ್ಷದೊಳಗೆ 47,000ಕ್ಕೂ ಹೆಚ್ಚು ಆರೋಪಗಳು ವಿಚಾರಣೆಯಿಲ್ಲದೆ ಬಿದ್ದುಹೋಗುವುದಕ್ಕೂ ದಾರಿ ಮಾಡಿತು. ಆ ಪ್ರಸಂಗದ ಮೂಲ ಇರುವುದು ಟೊರಾಂಟೊ ಪಕ್ಕದ ಬ್ರಾಂಪ್ಟನ್ನಿನಲ್ಲಿ.

ಕೋರ್ಟಿನ ಕಾಗದಗಳನ್ನು ಎಣಿಸಿ ನೋಡುವ ಕೆಲಸ ಇಲ್ಲಿ ಶುರುವಾದದ್ದು ಟೊರಾಂಟೊದ ಮ್ಯಾಜಿಸ್ಟ್ರೇಟ್ ಕೋರ್ಟುಗಳಿಂದ. ಕಾನೂನು ಪ್ರಾಧ್ಯಾಪಕ ಮಾರ್ಟಿನ್ ಫ್ರೀಡ್‌ಲ್ಯಾಂಡ್ ಅರವತ್ತರ ದಶಕದ ಆರಂಭದಲ್ಲಿ ಆರು ತಿಂಗಳ ಅವಧಿಯ ಸುಮಾರು 6,000 ಕ್ರಿಮಿನಲ್ ಕೇಸುಗಳನ್ನು ಒಂದೊಂದಾಗಿ ಹಿಂಬಾಲಿಸಿದರು. ಬಂಧನಕ್ಕೊಳಗಾದವರು ಎಷ್ಟು ದಿನ ಒಳಗಿದ್ದರು, ಜಾಮೀನು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಕೊನೆಗೆ ತೀರ್ಪು ಏನಾಯಿತು ಎಂಬ ಸರಳ ಪ್ರಶ್ನೆಗಳು ಅವು. ಅದುವರೆಗೆ ಯಾರೂ ಲೆಕ್ಕ ಹಾಕಿರಲಿಲ್ಲ, ಅಷ್ಟೆ. ಅವರ ಪುಸ್ತಕ 1965ರಲ್ಲಿ ಹೊರಬಂತು. ಅದು ಎತ್ತಿದ ಚರ್ಚೆ ಮುಂದೆ ದೇಶದ ಜಾಮೀನು ಕಾನೂನನ್ನೇ ಬದಲಿಸಿತು; ಹೊಸ ಕಾಯ್ದೆ 1972ರಲ್ಲಿ ಜಾರಿಗೆ ಬಂತು. ಕಾನೂನಿನ ಪುಸ್ತಕದಲ್ಲಿ ಬರೆದಿರುವುದಕ್ಕೂ ಕೋರ್ಟಿನ ಕಟಕಟೆಯಲ್ಲಿ ನಡೆಯುವುದಕ್ಕೂ ಇರುವ ಅಂತರವನ್ನು ಅಂಕಿಗಳಿಂದ ತೋರಿಸಬಹುದು ಎಂಬುದು ಅಲ್ಲಿಂದ ರೂಢಿಗೆ ಬಂತು.

ಕೆನಡಾದಲ್ಲಿ ಕೋರ್ಟಿನ ಆಡಳಿತ ಯಾರ ಕೈಯಲ್ಲಿದೆ ಎಂಬುದು ತಿಳಿಯದೆ ಮುಂದಿನ ಕತೆ ಅರ್ಥವಾಗುವುದಿಲ್ಲ. ಕ್ರಿಮಿನಲ್ ಕಾನೂನು ಮಾಡುವುದು ಒಟ್ಟಾವಾದ ಕೇಂದ್ರ ಸರ್ಕಾರ. ಕೋರ್ಟು ಕಟ್ಟುವುದು, ಗುಮಾಸ್ತರಿಗೆ ಸಂಬಳ ಕೊಡುವುದು, ಕುರ್ಚಿ ಮೇಜು ಹಾಕಿಸುವುದು ಪ್ರಾಂತೀಯ ಸರ್ಕಾರ, ಇಲ್ಲಿ ಆಂಟಾರಿಯೊ. ದೊಡ್ಡ ಕೇಸುಗಳನ್ನು ನೋಡುವ ಸುಪೀರಿಯರ್ ಕೋರ್ಟಿನ ಜಡ್ಜರನ್ನು ಕೇಂದ್ರ ನೇಮಿಸುತ್ತದೆ, ಬಹುಪಾಲು ಕ್ರಿಮಿನಲ್ ಕೇಸುಗಳನ್ನು ಮುಗಿಸುವ ಕೆಳಗಿನ ಪ್ರಾಂತೀಯ ಕೋರ್ಟಿನ ಜಡ್ಜರನ್ನು ಆಂಟಾರಿಯೊವೇ ನೇಮಿಸುತ್ತದೆ. ಇಷ್ಟು ಸಾಲದೆಂಬಂತೆ, ಯಾವ ಕೇಸನ್ನು ಯಾವ ಜಡ್ಜ್ ಯಾವ ದಿನ ಯಾವ ಕೊಠಡಿಯಲ್ಲಿ ಕೇಳಬೇಕು ಎಂಬುದನ್ನು ಸರ್ಕಾರ ಹೇಳುವಂತಿಲ್ಲ; ಅದು ಜಡ್ಜರ ಹಕ್ಕು. 1985ರ ವಲೆಂಟೆ ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಇದನ್ನು ನ್ಯಾಯಾಂಗದ ಸ್ವಾತಂತ್ರ್ಯದ ಮೂರು ಅಂಗಗಳಲ್ಲಿ ಒಂದೆಂದು ಸ್ಪಷ್ಟವಾಗಿ ಹೇಳಿತು. ಹೀಗೆ ಕಾನೂನು ಒಬ್ಬರದು, ಕಟ್ಟಡ ಇನ್ನೊಬ್ಬರದು, ದಿನಚರಿ ಮತ್ತೊಬ್ಬರದು. ಮನೆಯ ಖರ್ಚು ಒಬ್ಬರು ಕೊಟ್ಟು, ಅಡುಗೆ ಇನ್ನೊಬ್ಬರು ಮಾಡಿ, ಊಟದ ಹೊತ್ತನ್ನು ಮೂರನೆಯವರು ಗೊತ್ತು ಮಾಡುವ ಕೂಡು ಕುಟುಂಬದಂತಿದೆ ಈ ಏರ್ಪಾಡು. ಊಟ ತಡವಾದರೆ ಕೇಳುವುದು ಯಾರನ್ನು?

ಈ ಪ್ರಶ್ನೆಯನ್ನು ವಿದ್ವತ್ತಿನ ವಿಷಯವಾಗಿ ಎತ್ತಿಕೊಂಡವರಲ್ಲಿ ಮುಖ್ಯರು ಕಾರ್ಲ್ ಬಾರ್. ಆಂಟಾರಿಯೊದ ಬ್ರಾಕ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಅವರು 1981ರಲ್ಲಿ ಪೆರಿ ಮಿಲ್ಲರ್ ಜೊತೆ ಕೆನಡಾದ ನ್ಯಾಯಾಂಗ ಆಡಳಿತದ ಬಗ್ಗೆ ಪುಸ್ತಕ ಬರೆದರು. ಅದೇ ವರ್ಷ ಕ್ವಿಬೆಕ್‌ನ ಸುಪೀರಿಯರ್ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜೂಲ್ ದೆಶೇನ್ ಅವರ ಹೆಸರಾಂತ ವರದಿಗೂ ಕೈಜೋಡಿಸಿದರು. ಕೋರ್ಟಿನ ಆಡಳಿತವನ್ನು ಹಂತಹಂತವಾಗಿ ಜಡ್ಜರ ಕೈಗೇ ಒಪ್ಪಿಸಬೇಕೆಂಬುದು ಆ ವರದಿಯ ವಾದ. ರಾಜ್ಯಶಾಸ್ತ್ರದವರು ಕೋರ್ಟಿನ ಗುಮಾಸ್ತಗಿರಿಯನ್ನು ಅಧ್ಯಯನ ಮಾಡುವುದು ಆಗ ಅಪರೂಪ. ತೀರ್ಪುಗಳನ್ನು ಓದುವವರು ಬಹಳ ಜನ, ವಾಯಿದೆ ಪುಸ್ತಕವನ್ನು ಓದುವವರು ಯಾರೂ ಇರಲಿಲ್ಲ.

ಅದಕ್ಕೆ ಸ್ವಲ್ಪ ಮೊದಲು, 1978ರಲ್ಲಿ, ಅಮೆರಿಕದಲ್ಲಿ ಥಾಮಸ್ ಚರ್ಚ್ ಮತ್ತು ಸಂಗಡಿಗರು 21 ನಗರಗಳ ಕೋರ್ಟುಗಳನ್ನು ಹೋಲಿಸಿ ನೋಡಿದ್ದರು. ಒಬ್ಬ ಜಡ್ಜಿಗೆ ಎಷ್ಟು ಕೇಸು ಎಂಬುದಕ್ಕೂ ಕೇಸು ಎಷ್ಟು ಬೇಗ ಮುಗಿಯುತ್ತದೆ ಎಂಬುದಕ್ಕೂ ಎಲ್ಲರೂ ಅಂದುಕೊಂಡಿದ್ದ ನಂಟು ಅವರಿಗೆ ಕಾಣಲಿಲ್ಲ. ಹೊರೆ ಹೆಚ್ಚಿದ್ದ ಕೆಲವು ಕೋರ್ಟುಗಳೇ ಚುರುಕಾಗಿದ್ದವು. ವ್ಯತ್ಯಾಸ ಇದ್ದದ್ದು ಊರಿನ ವಕೀಲರು, ಜಡ್ಜರು, ಸರ್ಕಾರಿ ವಕೀಲರು ಒಟ್ಟಾಗಿ ಬೆಳೆಸಿಕೊಂಡ ಅಭ್ಯಾಸದಲ್ಲಿ. ಒಂದು ಕೇಸಿಗೆ ಇಷ್ಟು ದಿನ ಬೇಕು ಎಂದು ಎಲ್ಲರೂ ಮನಸ್ಸಿನಲ್ಲಿ ಒಪ್ಪಿಕೊಂಡುಬಿಟ್ಟರೆ ಅಷ್ಟು ದಿನ ಹಿಡಿಯುತ್ತದೆ. ಮೈಸೂರಿನ, ಧಾರವಾಡದ ಕೋರ್ಟು ಆವರಣದಲ್ಲಿ ಒಂದು ವಾರ ಓಡಾಡಿದವರಿಗೆ ಇದನ್ನು ಸಂಶೋಧನೆಯಿಂದ ಸಾಬೀತು ಮಾಡಿ ತೋರಿಸಬೇಕಾಗಿಲ್ಲ.

ಈಗ ಬ್ರಾಂಪ್ಟನ್. ಎಂಬತ್ತರ ದಶಕದಲ್ಲಿ ಈ ಊರು ಸೇರಿದ ಪೀಲ್ ಪ್ರದೇಶ ಹೊಲಗಳನ್ನು ನುಂಗುತ್ತ ಬೆಳೆಯುತ್ತಿತ್ತು. 1981ರಲ್ಲಿ ಬ್ರಾಂಪ್ಟನ್ನಿನ ಜನಸಂಖ್ಯೆ 1,49,030. ಹತ್ತೇ ವರ್ಷದಲ್ಲಿ ಅದು 2,34,445 ಆಯಿತು. ಮನೆಗಳು ಎದ್ದವು, ಶಾಲೆಗಳು ಎದ್ದವು, ಕೋರ್ಟಿನ ಕೊಠಡಿಗಳು ಮಾತ್ರ ಅದೇ ವೇಗದಲ್ಲಿ ಏಳಲಿಲ್ಲ. 1983ರ ನವೆಂಬರಿನಲ್ಲಿ ಸುಲಿಗೆಯ ಸಂಚಿನ ಆರೋಪದ ಮೇಲೆ ಆಸ್ಕೋವ್ ಮತ್ತು ಇತರ ಮೂವರ ಮೇಲೆ ಕೇಸು ಬಿತ್ತು. ಪೂರ್ಣ ವಿಚಾರಣೆಗೆ ಬೇಕಾದಷ್ಟು ಸಾಕ್ಷ್ಯವಿದೆಯೇ ಎಂದು ನೋಡುವ ಪ್ರಾಥಮಿಕ ವಿಚಾರಣೆ 1984ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಪೂರ್ಣ ವಿಚಾರಣೆಗೆ ಸಿಕ್ಕ ದಿನ 1985ರ ಅಕ್ಟೋಬರ್, ಒಂದು ವರ್ಷ ಆಚೆಗೆ. ಆ ದಿನ ಬಂದಾಗ ಸರದಿ ಬರಲಿಲ್ಲ. ಮತ್ತೆ 1986ರ ಸೆಪ್ಟೆಂಬರಿಗೆ ಹೋಯಿತು. 1982ರ ಹಕ್ಕುಗಳ ಸನ್ನದಿನ 11(ಬಿ) ವಿಧಿ ಪ್ರತಿ ಆರೋಪಿಗೂ ಯುಕ್ತ ಕಾಲದೊಳಗೆ ವಿಚಾರಣೆ ಪಡೆಯುವ ಹಕ್ಕು ಕೊಟ್ಟಿದೆ. ಯುಕ್ತ ಎಂದರೆ ಎಷ್ಟು ತಿಂಗಳು ಎಂದು ಸನ್ನದು ಹೇಳಿಲ್ಲ.

ಕೇಸು ಸುಪ್ರೀಂ ಕೋರ್ಟಿಗೆ ಹೋದಾಗ ಬಾರ್ ಅವರ ಪ್ರಮಾಣಪತ್ರವೂ ಕಡತದಲ್ಲಿತ್ತು. ತಾವು ಅಧ್ಯಯನ ಮಾಡಿದ ಕೋರ್ಟುಗಳಲ್ಲೆಲ್ಲ ಬ್ರಾಂಪ್ಟನ್ ತೀರ ನಿಧಾನ ಎಂಬುದು ಅದರ ಸಾರ. 1990ರ ಅಕ್ಟೋಬರ್ 18ರಂದು ಬಂದ ತೀರ್ಪಿನಲ್ಲಿ ನ್ಯಾಯಮೂರ್ತಿ ಪೀಟರ್ ಕೋರಿ ಬ್ರಾಂಪ್ಟನ್ನನ್ನು ಮಾಂಟ್ರಿಯಲ್ ಜೊತೆ ಹೋಲಿಸಿದರು. ಪ್ರಾಥಮಿಕ ವಿಚಾರಣೆ ಮುಗಿದ ಮೇಲೆ ಪೂರ್ಣ ವಿಚಾರಣೆಗೆ ಆರರಿಂದ ಎಂಟು ತಿಂಗಳಿಗಿಂತ ಹೆಚ್ಚು ಹಿಡಿಯಬಾರದು ಎಂಬ ಅಂಕಿ ಆ ತೀರ್ಪಿನಲ್ಲಿ ಬಂತು. ಆಸ್ಕೋವ್ ಮತ್ತು ಸಂಗಡಿಗರ ಮೇಲಿನ ವಿಚಾರಣೆ ಶಾಶ್ವತವಾಗಿ ನಿಂತಿತು.

ಮುಂದೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಆಂಟಾರಿಯೊದ ಕೋರ್ಟುಗಳಲ್ಲಿ ವಕೀಲರು ಎದ್ದು ನಿಂತು ಎಂಟು ತಿಂಗಳು ದಾಟಿದೆ ಎಂದರೆ ಸಾಕು, ಕೇಸು ಬೀಳತೊಡಗಿತು. ಕುಡಿದು ಕಾರು ಓಡಿಸಿದ್ದು, ಕಳ್ಳತನ, ಹಲ್ಲೆ, ಎಲ್ಲವೂ. ಸರ್ಕಾರಿ ವಕೀಲರು ತಾವಾಗಿಯೇ ಎಷ್ಟೋ ಆರೋಪಗಳನ್ನು ಹಿಂದಕ್ಕೆ ಪಡೆದರು. 1990ರ ಅಕ್ಟೋಬರ್ 22ರಿಂದ 1991ರ ಸೆಪ್ಟೆಂಬರ್ 6ರವರೆಗೆ ಹೀಗೆ ಹೋದ ಆರೋಪಗಳು 47,000ಕ್ಕೂ ಹೆಚ್ಚು ಎಂದು ಸುಪ್ರೀಂ ಕೋರ್ಟೇ ಮುಂದೊಂದು ತೀರ್ಪಿನಲ್ಲಿ ದಾಖಲಿಸಿದೆ. ಪ್ರಾಥಮಿಕ ವಿಚಾರಣೆಯೇ ಇಲ್ಲದ ಕೆಳ ಕೋರ್ಟಿನ ಸಣ್ಣ ಕೇಸುಗಳಿಗೂ ಮೇಲಿನ ಕೋರ್ಟಿನ ಅಳತೆಕೋಲನ್ನೇ ಹಿಡಿದದ್ದು ಇದಕ್ಕೆ ದೊಡ್ಡ ಕಾರಣ. 1991ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಾತನಾಡಿದ ಕೋರಿ, ತೀರ್ಪಿನ ಪರಿಣಾಮ ಇಷ್ಟು ದೊಡ್ಡದಾಗುತ್ತದೆಂದು ಕೋರ್ಟಿಗೆ ತಿಳಿದಿರಲಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ಹಾಲಿ ನ್ಯಾಯಮೂರ್ತಿಯೊಬ್ಬರು ತಮ್ಮದೇ ತೀರ್ಪಿನ ಬಗ್ಗೆ ಹೀಗೆ ಮಾತನಾಡುವುದು ಎಲ್ಲಿಯೂ ಅಪರೂಪ.

ಇನ್ನೂ ಅಪರೂಪದ್ದು, ಅಂಕಿ ಕೊಟ್ಟ ವಿದ್ವಾಂಸನೇ ತೀರ್ಪನ್ನು ವಿಮರ್ಶಿಸಿದ್ದು. 1993ರಲ್ಲಿ ಕೆನಡಾದ ವಕೀಲರ ಪತ್ರಿಕೆಯಲ್ಲಿ ಬರೆದ ದೀರ್ಘ ಲೇಖನದಲ್ಲಿ ಬಾರ್, ಸಾಮಾಜಿಕ ಸಂಶೋಧನೆಯ ಅಂಕಿಗಳನ್ನು ಸುಪ್ರೀಂ ಕೋರ್ಟ್ ತಪ್ಪಾಗಿ ಬಳಸಿದೆ ಎಂದು ವಾದಿಸಿದರು. ಮಾಂಟ್ರಿಯಲ್‌ನ ಅಂಕಿಗಳನ್ನು ಕೋರ್ಟು ತಾನಾಗಿ ತರಿಸಿಕೊಂಡಿತ್ತು; ಎರಡೂ ಕಡೆಯ ವಕೀಲರಿಗೆ ಅವನ್ನು ಪ್ರಶ್ನಿಸುವ ಅವಕಾಶ ಸಿಕ್ಕಿರಲಿಲ್ಲ. ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡದೆ ನಂಬಬಾರದು ಎಂಬುದು ಕೋರ್ಟಿನ ಮೊದಲ ಪಾಠ. ಅಂಕಿ ಎಂಬ ಸಾಕ್ಷಿಗೆ ಆ ನಿಯಮ ಅನ್ವಯವಾಗಲಿಲ್ಲ. ಬ್ರಾಂಪ್ಟನ್ ನಿಧಾನವಾಗಿತ್ತು ಎಂಬುದು ನಿಜ; ಎಂಟು ತಿಂಗಳು ಎಂಬ ಗೆರೆ ಆ ಸತ್ಯದಿಂದ ತಾನಾಗಿ ಹುಟ್ಟುವುದಿಲ್ಲ.

ಗೆರೆಯನ್ನು ಸಡಿಲಿಸಿದ ಕೇಸೂ ಟೊರಾಂಟೊ ಸೀಮೆಯದೇ. ಪೂರ್ವಕ್ಕಿರುವ ಆಶಾವಾ ಊರಿನಲ್ಲಿ ಕುಡಿದು ವಾಹನ ಓಡಿಸಿದ ಆರೋಪದ ಮೋರಿನ್ ಪ್ರಕರಣ 1992ರ ಮಾರ್ಚಿನಲ್ಲಿ ತೀರ್ಮಾನವಾಯಿತು. ಬಂಧನದಿಂದ ವಿಚಾರಣೆವರೆಗೆ ಹದಿನಾಲ್ಕೂವರೆ ತಿಂಗಳು ಹಿಡಿದಿದ್ದರೂ ಕೋರ್ಟು ಆರೋಪವನ್ನು ಬೀಳಿಸಲಿಲ್ಲ. ಕೆಳ ಕೋರ್ಟಿನ ಮಟ್ಟದ ವ್ಯವಸ್ಥೆಯ ವಿಳಂಬಕ್ಕೆ ಎಂಟರಿಂದ ಹತ್ತು ತಿಂಗಳು ಎಂಬ ಮಾರ್ಗಸೂಚಿ ಬಂತು. ಅದು ಮಾರ್ಗಸೂಚಿ ಮಾತ್ರ, ಗಡುವು ಅಲ್ಲ ಎಂದು ಒತ್ತಿ ಹೇಳಲಾಯಿತು. ತಡವಾದದ್ದರಿಂದ ಆರೋಪಿಗೆ ಏನು ತೊಂದರೆಯಾಯಿತು ಎಂಬುದನ್ನೂ ತೂಗಬೇಕೆಂದಾಯಿತು.

ಕೇಸುಗಳ ಹೊರೆ ಎಂಬ ಉತ್ತರದ ಪೊಳ್ಳು ಗೊತ್ತಾಗುವುದು ಮುಂದಿನ ಹದಿನೈದು ವರ್ಷಗಳ ಅಂಕಿಗಳಲ್ಲಿ. 1992ರಲ್ಲಿ ಆಂಟಾರಿಯೊದ ಒಂದು ಕ್ರಿಮಿನಲ್ ಕೇಸು ಮುಗಿಯಲು ಸರಾಸರಿ 115 ದಿನ ಬೇಕಿತ್ತು, ಅಷ್ಟರಲ್ಲಿ ಕೇಸು 4.3 ಸಲ ಕರೆಯಲ್ಪಡುತ್ತಿತ್ತು. 2007ರ ಹೊತ್ತಿಗೆ 205 ದಿನ, 9.2 ಸಲ. ಈ ಅವಧಿಯಲ್ಲಿ ಕೆನಡಾದ ಅಪರಾಧ ಪ್ರಮಾಣ ಇಳಿಯುತ್ತಿತ್ತು. ದಿನಗಳನ್ನು ವಾಯಿದೆಗಳಿಂದ ಭಾಗಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ: ಸ್ಥೂಲವಾಗಿ ಒಂದು ವಾಯಿದೆಗೆ 27 ದಿನ ಇದ್ದದ್ದು 22 ದಿನಕ್ಕೆ ಇಳಿದಿದೆ. ಅಂದರೆ ಕೋರ್ಟು ಕೇಸನ್ನು ಮೊದಲಿಗಿಂತ ಬೇಗಬೇಗ ಕರೆಯುತ್ತಿತ್ತು, ಕರೆದು ಏನೂ ಮಾಡದೆ ಕಳಿಸುತ್ತಿತ್ತು. ತಡ ಹುಟ್ಟಿದ್ದು ವಾಯಿದೆಗಳ ನಡುವಿನ ಅಂತರದಿಂದಲ್ಲ, ವಾಯಿದೆಗಳ ಸಂಖ್ಯೆಯಿಂದ.

ಈ ವಾಯಿದೆಗಳಲ್ಲಿ ನಡೆಯುವುದೇನು? ಮೊದಲ ಸಲ ಆರೋಪಿ ಬಂದು ನಿಲ್ಲುತ್ತಾನೆ, ವಕೀಲರಿಲ್ಲ, ಮುಂದಕ್ಕೆ. ವಕೀಲರು ಸಿಕ್ಕರು, ಕಾನೂನು ನೆರವಿನ ಅರ್ಜಿ ಇನ್ನೂ ಮಂಜೂರಾಗಿಲ್ಲ, ಮುಂದಕ್ಕೆ. ಪೊಲೀಸರ ದಾಖಲೆಯ ಪ್ರತಿ ಬಂತು, ವೀಡಿಯೊ ಬಂದಿಲ್ಲ, ಮುಂದಕ್ಕೆ. 1991ರ ಸ್ಟಿಂಚ್‌ಕೂಂಬ್ ತೀರ್ಪಿನ ನಂತರ ಸರ್ಕಾರಿ ವಕೀಲರು ತಮ್ಮ ಬಳಿಯ ಸಂಬಂಧಪಟ್ಟ ದಾಖಲೆಗಳನ್ನೆಲ್ಲ ಆರೋಪಿಗೆ ಮುಂಚಿತವಾಗಿಯೇ ಕೊಡಲೇಬೇಕು. ನ್ಯಾಯದ ದೃಷ್ಟಿಯಿಂದ ಅದು ದೊಡ್ಡ ಹೆಜ್ಜೆ. ಗುಮಾಸ್ತರ ದೃಷ್ಟಿಯಿಂದ ಪ್ರತಿ ಕೇಸಿಗೆ ಎರಡು ಮೂರು ವಾಯಿದೆ ಹೆಚ್ಚು. ಮಾಜಿ ಮುಖ್ಯ ನ್ಯಾಯಮೂರ್ತಿ ಪ್ಯಾಟ್ರಿಕ್ ಲೆಸಾಜ್ ಮತ್ತು ಪ್ರಾಧ್ಯಾಪಕ ಮೈಕೇಲ್ ಕೋಡ್ 2008ರಲ್ಲಿ ಕೊಟ್ಟ ವರದಿ, ಹಕ್ಕುಗಳ ಸನ್ನದು, ಸಾಕ್ಷ್ಯದ ನಿಯಮಗಳಲ್ಲಾದ ಬದಲಾವಣೆ, ಹೊಸ ಹೊಸ ಕಾಯ್ದೆಗಳು ಸೇರಿ ಕ್ರಿಮಿನಲ್ ವಿಚಾರಣೆಯ ಸ್ವರೂಪವನ್ನೇ ಹೇಗೆ ಉದ್ದ ಮಾಡಿದವು ಎಂದು ವಿವರಿಸುತ್ತದೆ.

ಲೆಕ್ಕ ಸರಳ. ಒಂದು ಕೋರ್ಟಿನಲ್ಲಿ 1,200 ಕೇಸು ಬಾಕಿ ಇದ್ದು ತಿಂಗಳಿಗೆ 100 ಮುಗಿಯುತ್ತವೆ ಎಂದಿಟ್ಟುಕೊಂಡರೆ, ಹೊಸದಾಗಿ ಸರದಿಗೆ ನಿಂತವರು ಹನ್ನೆರಡು ತಿಂಗಳು ಕಾಯಬೇಕು. ಪ್ರತಿ ಕೇಸಿಗೂ ಒಂಬತ್ತು ವಾಯಿದೆ ಬೇಕಾದರೆ ಆ ಕೋರ್ಟು ತಿಂಗಳಿಗೆ 900 ಸಲ ಕೇಸು ಕರೆಯುತ್ತಿದೆ. ಅದೇ 900 ಕರೆಗಳಲ್ಲಿ, ಒಂದು ಕೇಸಿಗೆ ಆರೇ ವಾಯಿದೆ ಸಾಕಾದರೆ, 150 ಕೇಸು ಮುಗಿಯುತ್ತವೆ. ಕಾಯುವ ಕಾಲ ಎಂಟು ತಿಂಗಳಿಗೆ ಇಳಿಯುತ್ತದೆ. ಒಬ್ಬ ಜಡ್ಜನ್ನೂ ಹೊಸದಾಗಿ ನೇಮಿಸಬೇಕಿಲ್ಲ. ಈ ತರ್ಕದ ಮೇಲೆಯೇ ಆಂಟಾರಿಯೊ ಸರ್ಕಾರ 2008ರಲ್ಲಿ ದಿನಗಳನ್ನೂ ವಾಯಿದೆಗಳನ್ನೂ ನಾಲ್ಕು ವರ್ಷದಲ್ಲಿ ಶೇಕಡಾ 30ರಷ್ಟು ಇಳಿಸುವ ಗುರಿ ಇಟ್ಟುಕೊಂಡಿತು. ವಾಯಿದೆಗಳು ಸ್ವಲ್ಪ ಇಳಿದವು, ಗುರಿ ಮುಟ್ಟಲಿಲ್ಲ. ವಾಯಿದೆ ಕೇಳುವುದು ಯಾರಿಗೂ ದುಬಾರಿಯಾಗದ ಕಡೆ ಅದನ್ನು ಸುತ್ತೋಲೆಯಿಂದ ಇಳಿಸುವುದು ಕಷ್ಟ.

ಸಿವಿಲ್ ಕೇಸುಗಳಲ್ಲಿ ಟೊರಾಂಟೊ ಬೇರೊಂದು ಪ್ರಯೋಗ ಮಾಡಿತು. 1999ರಿಂದ ಟೊರಾಂಟೊ ಮತ್ತು ಒಟ್ಟಾವಾಗಳಲ್ಲಿ ಹಲವು ಸಿವಿಲ್ ದಾವೆಗಳಿಗೆ ಮೊದಲು ಮಧ್ಯಸ್ಥಿಕೆಗೆ ಕೂರುವುದು ಕಡ್ಡಾಯವಾಯಿತು. ಮೊದಲ 23 ತಿಂಗಳ ಫಲಿತಾಂಶವನ್ನು ರಾಬರ್ಟ್ ಹ್ಯಾನ್, ಕಾರ್ಲ್ ಬಾರ್ ಮತ್ತಿತರರು ಪರಿಶೀಲಿಸಿದರು. ಸುಮಾರು ಶೇಕಡಾ 40ರಷ್ಟು ದಾವೆಗಳು ಆ ಹಂತದಲ್ಲೋ ಅದರ ಬೆನ್ನಿಗೋ ಪೂರ್ತಿ ರಾಜಿಯಾಗಿದ್ದವು. ಇದು ಗೆದ್ದ ಪ್ರಯೋಗ. ಅದರ ಜೊತೆಯಲ್ಲೇ ಬಂದ ಇನ್ನೊಂದು ಪ್ರಯೋಗ, ಪ್ರತಿ ದಾವೆಯ ಮೇಲೂ ಕೋರ್ಟೇ ಕಣ್ಣಿಟ್ಟು ಹಂತಹಂತಕ್ಕೆ ಗಡುವು ಹಾಕುವುದು, ಟೊರಾಂಟೊದಲ್ಲಿ ತಲೆಕೆಳಗಾಯಿತು. ಗಡುವುಗಳನ್ನು ನೋಡಿಕೊಳ್ಳುವ ಕೆಲಸವೇ ಬೆಳೆದು ಹೊಸ ಸರದಿ ಹುಟ್ಟಿಕೊಂಡಿತು. 2004ರ ಕೊನೆಗೆ ಟೊರಾಂಟೊಗೆ ಬೇರೆಯೇ ನಿಯಮ ತಂದು, ಅಗತ್ಯ ಬಿದ್ದ ದಾವೆಗಳಿಗೆ ಮಾತ್ರ ಈ ಉಸ್ತುವಾರಿ ಎಂದು ಬದಲಿಸಬೇಕಾಯಿತು. ಕರ್ನಾಟಕದಲ್ಲಿ ಅಧೀನ ನ್ಯಾಯಾಲಯಗಳ ಕೇಸುಗಳನ್ನು ಬೇರೆ ಬೇರೆ ಹಳಿಗಳಾಗಿ ವಿಂಗಡಿಸಿ ಗಡುವು ಹಾಕುವ ನಿಯಮಗಳು ಬಂದದ್ದು ಅದರ ಮರುವರ್ಷ, 2005ರಲ್ಲಿ.

ಮೋರಿನ್ ಹಾಕಿಕೊಟ್ಟ ತೂಗಿ ನೋಡುವ ಪದ್ಧತಿ ಇಪ್ಪತ್ತನಾಲ್ಕು ವರ್ಷ ನಡೆಯಿತು. 2016ರ ಜುಲೈ 8ರಂದು, ಬ್ರಿಟಿಷ್ ಕೊಲಂಬಿಯಾದಿಂದ ಬಂದ ಜೋರ್ಡನ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿತು. ಪ್ರಾಂತೀಯ ಕೋರ್ಟಿನಲ್ಲಿ 18 ತಿಂಗಳು, ಸುಪೀರಿಯರ್ ಕೋರ್ಟಿನಲ್ಲಿ 30 ತಿಂಗಳು: ಆರೋಪಿಯಿಂದಾದ ತಡವನ್ನು ಕಳೆದ ಮೇಲೂ ಇದು ದಾಟಿದರೆ, ಅಸಾಧಾರಣ ಕಾರಣವಿದೆ ಎಂದು ಸರ್ಕಾರ ತೋರಿಸದ ಹೊರತು ಕೇಸು ನಿಲ್ಲುತ್ತದೆ. ವ್ಯವಸ್ಥೆಯ ಒಳಗಿನವರೆಲ್ಲ ತಡವನ್ನು ಸಹಜವೆಂದು ಒಪ್ಪಿಕೊಂಡಿದ್ದಾರೆ ಎಂದು ಬಹುಮತದ ತೀರ್ಪು ಕಟುವಾಗಿ ಹೇಳಿತು. ಚರ್ಚ್ 1978ರಲ್ಲಿ ಅಂಕಿಗಳಿಂದ ಹೇಳಿದ್ದೂ ಇದನ್ನೇ. ಒಂಬತ್ತರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಈ ಗಡುವುಗಳನ್ನು ಒಪ್ಪಲಿಲ್ಲ. ಅವರ ಪರವಾಗಿ ಬರೆದ ಥಾಮಸ್ ಕ್ರಾಮ್‌ವೆಲ್, ಈ ಅಂಕಿಗಳಿಗೆ ಕಡತದಲ್ಲಿ ಆಧಾರವಿಲ್ಲ, ಸಾವಿರಾರು ಕೇಸುಗಳು ಬೀಳುವ ಅಪಾಯವಿದೆ ಎಂದು ಎಚ್ಚರಿಸಿದರು. ಆಸ್ಕೋವ್ ನೆನಪು ಅಷ್ಟು ಹಸಿಯಾಗಿತ್ತು.

ಭಾರತದ ಸುಪ್ರೀಂ ಕೋರ್ಟ್ ಇದೇ ಕವಲಿನಲ್ಲಿ ಇನ್ನೊಂದು ದಾರಿ ಹಿಡಿದಿದೆ. ಮಂಗಳೂರಿನ ಭ್ರಷ್ಟಾಚಾರದ ಆರೋಪವೊಂದರಿಂದ ಹುಟ್ಟಿದ ಪಿ. ರಾಮಚಂದ್ರ ರಾವ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, 2002ರ ಏಪ್ರಿಲ್‌ನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಕ್ರಿಮಿನಲ್ ವಿಚಾರಣೆಗೆ ಕೋರ್ಟುಗಳು ಹೊರಮಿತಿಯ ಗಡುವು ಹಾಕುವಂತಿಲ್ಲ ಎಂದಿತು. ಶೀಘ್ರ ವಿಚಾರಣೆಯ ಹಕ್ಕು ಎರಡೂ ದೇಶಗಳಲ್ಲಿದೆ. ಗಡಿಯಾರ ಇರುವುದು ಒಂದರಲ್ಲಿ.

ಗಡಿಯಾರ ಇಟ್ಟ ಮೇಲೆ ಸರ್ಕಾರಗಳು ಓಡಾಡಿದವು. 2019ರಲ್ಲಿ ಕೇಂದ್ರ ಸರ್ಕಾರ ಕಾನೂನು ತಿದ್ದಿ, 14 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಪ್ರಾಥಮಿಕ ವಿಚಾರಣೆ ಉಳಿಸಿತು. ಅದೇ ವರ್ಷದ ಕೊನೆಗೆ ಆಂಟಾರಿಯೊದ ಮಹಾಲೇಖಪಾಲರು ಕೋರ್ಟುಗಳ ಒಳಗೆ ಕಣ್ಣಾಡಿಸಿದರು. ತೀರ್ಮಾನವಾಗದ ಕ್ರಿಮಿನಲ್ ಕೇಸುಗಳು ಐದು ವರ್ಷದಲ್ಲಿ ಶೇಕಡಾ 27ರಷ್ಟು ಏರಿ ಸುಮಾರು 1,14,000 ಆಗಿದ್ದವು. ಕೋರ್ಟಿನ ಕೊಠಡಿಗಳು ದಿನಕ್ಕೆ ನಾಲ್ಕೂವರೆ ಗಂಟೆ ನಡೆಯಬೇಕೆಂದು ಇಲಾಖೆಯ ಎಣಿಕೆ. ನಡೆಯುತ್ತಿದ್ದದ್ದು ಸರಾಸರಿ 2.8 ಗಂಟೆ. ಯಾಕೆ ಹೀಗೆ ಎಂದು ತಿಳಿಯಲು ಜಡ್ಜರ ದಿನಪಟ್ಟಿಯ ಮಾಹಿತಿ ಕೇಳಿದರೆ, ನ್ಯಾಯಾಂಗದ ಸ್ವಾತಂತ್ರ್ಯದ ಹೆಸರಿನಲ್ಲಿ ಅದು ಸಿಗಲಿಲ್ಲ. ಸ್ವಾತಂತ್ರ್ಯದ ತತ್ವ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ತೀರ್ಪನ್ನು ಸ್ವತಂತ್ರವಾಗಿ ಕೊಡುವುದಕ್ಕೂ ಕೊಠಡಿ ಯಾಕೆ ಖಾಲಿ ಇತ್ತೆಂದು ಹೇಳದಿರುವುದಕ್ಕೂ ವ್ಯತ್ಯಾಸವಿದೆ.

ಕೋವಿಡ್ 2020ರ ಮಾರ್ಚಿನಲ್ಲಿ ಕೋರ್ಟುಗಳ ಬಾಗಿಲು ಹಾಕಿಸಿತು. ಕಾಗದದ ಮೇಲೇ ನಿಂತಿದ್ದ ವ್ಯವಸ್ಥೆ ಕೆಲವೇ ವಾರಗಳಲ್ಲಿ ಜೂಮ್ ಪರದೆಗೆ ಬಂತು. ಎರಡು ನಿಮಿಷದ ವಾಯಿದೆಗೆ ಅರ್ಧ ದಿನ ರಜೆ ಹಾಕಿ ಬರುವುದು ತಪ್ಪಿತು. ಸರದಿ ಮಾತ್ರ ಉದ್ದವಾಯಿತು. 2023ರ ಮೇ ತಿಂಗಳಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿ ರಿಚರ್ಡ್ ವ್ಯಾಗ್ನರ್ ಪ್ರಧಾನಿಗೆ ಪತ್ರ ಬರೆದು, ಕೇಂದ್ರ ತುಂಬಬೇಕಾದ 85 ಜಡ್ಜ್ ಹುದ್ದೆಗಳು ಖಾಲಿ ಇವೆ ಎಂದು ದೂರಿದರು. ಅದೇ ವರ್ಷ ಟೊರಾಂಟೊದ ಆರ್ಮರಿ ಬೀದಿಯ 10ನೇ ನಂಬರಿನಲ್ಲಿ, ವಾಸ್ತುಶಿಲ್ಪಿ ರೆನ್ಜೊ ಪಿಯಾನೊ ಅವರ ಸಂಸ್ಥೆ ವಿನ್ಯಾಸ ಮಾಡಿದ 17 ಅಂತಸ್ತಿನ ಗಾಜಿನ ಕೋರ್ಟು ತೆರೆಯಿತು. ನಗರದ ಬೇರೆ ಬೇರೆ ಕಡೆ ಹರಡಿದ್ದ ಪ್ರಾಂತೀಯ ಕ್ರಿಮಿನಲ್ ಕೋರ್ಟುಗಳು ಒಂದೇ ಸೂರಿನಡಿ ಬಂದವು. ಕೊಠಡಿಗಳಿಗೆ ಬರವಿರಲಿಲ್ಲ. ಕೊಠಡಿ ತೆರೆಯಲು ಬೇಕಾದ ಗುಮಾಸ್ತರಿಗೆ ಬರವಿತ್ತು. ವರ್ಷ ಮುಗಿಯುವ ಮೊದಲೇ ಅಲ್ಲಿನ ಒಬ್ಬ ನ್ಯಾಯಾಧೀಶರು ಸಿಬ್ಬಂದಿ ಕೊರತೆಯಿಂದಾದ ವಿಳಂಬವನ್ನು ಕಾರಣವಾಗಿ ಹೇಳಿ ಲೈಂಗಿಕ ದೌರ್ಜನ್ಯದ ಆರೋಪವೊಂದರ ವಿಚಾರಣೆಯನ್ನು ನಿಲ್ಲಿಸಿದರು.

ಬ್ರಾಂಪ್ಟನ್ನಿನ ಜನಸಂಖ್ಯೆ 2021ರ ಗಣತಿಯಲ್ಲಿ 6,56,480. ಅಲ್ಲಿನ ಕೋರ್ಟು ಈಗ ಹುರಾಂಟಾರಿಯೊ ರಸ್ತೆಯ 7755ನೇ ನಂಬರಿನ ದೊಡ್ಡ ಕಟ್ಟಡದಲ್ಲಿದೆ. ಬ್ರಾಂಪ್ಟನ್, ಮಿಸ್ಸಿಸಾಗಾಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಅದು ದಿನವೂ ಕಣ್ಣಿಗೆ ಬೀಳುವ ದಾರಿ. ಕೆನಡಾದ ಕ್ರಿಮಿನಲ್ ವಿಚಾರಣೆಗಳು ಕೆಲವನ್ನು ಬಿಟ್ಟರೆ ಸಾರ್ವಜನಿಕರಿಗೆ ತೆರೆದಿವೆ. ಆ ದಿನದ ಕೇಸುಗಳ ಪಟ್ಟಿ ಅಂತರ್ಜಾಲದಲ್ಲೂ ಸಿಗುತ್ತದೆ. ಒಂದು ಬೆಳಿಗ್ಗೆ ಹಿಂದಿನ ಬೆಂಚಿನಲ್ಲಿ ಕೂತು, ಕರೆದ ಕೇಸುಗಳೆಷ್ಟು, ಮುಗಿದವೆಷ್ಟು, ಮುಂದಕ್ಕೆ ಹೋದವೆಷ್ಟು ಎಂದು ಯಾರು ಬೇಕಾದರೂ ಗೀಟು ಹಾಕಿ ಎಣಿಸಬಹುದು. ಫ್ರೀಡ್‌ಲ್ಯಾಂಡ್ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.